ಮೈನಸ್ ಆದ ಕಬ್ಬಿನ ಲೆಕ್ಕ ಮತ್ತು 2147483647

ಪ್ರಶ್ನೆ: ಸರ್, ನಾನು ಮದ್ದೂರು ತಾಲ್ಲೂಕಿನವನು, ಬಿ.ಸಿ.ಎ. ಓದುತ್ತಿದ್ದೇನೆ. ನಮ್ಮೂರಿನವರು ಕಾರ್ಖಾನೆಗೆ ಕಳಿಸಿದ ಕಬ್ಬಿನ ತೂಕದ ಚೀಟಿಗಳನ್ನು ಕೂಡಿಸಲು ಸಿ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ದಶಮಾಂಶದ ತಲೆನೋವು ಬೇಡ ಎಂದು ದುಡ್ಡನ್ನೆಲ್ಲ ಪೈಸೆಯಲ್ಲೇ ಇಟ್ಟೆ. ಟನ್ನಿಗೆ 3,000 ರೂಪಾಯಿ ಹಾಕಿ ನೋಡಿದಾಗ 7,158 ಟನ್ ತನಕ ಸರಿಯಾಗಿ ಬಂತು. 7,159ಕ್ಕೆ ಮೊತ್ತ −2147267296 ಎಂದು ಮೈನಸ್‌ನಲ್ಲಿ ಬಂತು! ಇದಕ್ಕೆಲ್ಲ 2147483647 ಎಂಬ ಸಂಖ್ಯೆ ಕಾರಣ, ಅದು ಅವಿಭಾಜ್ಯ ಸಂಖ್ಯೆ ಎಂದು ಆಮೇಲೆ ಓದಿದೆ. ಅವಿಭಾಜ್ಯ ಅಂತಲೇ ಕಂಪ್ಯೂಟರಿಗೆ ಆ ಮಿತಿ ಇಟ್ಟರಾ? ಇಷ್ಟು ದೊಡ್ಡ ಸಂಖ್ಯೆ ಒಡೆಯುವುದಿಲ್ಲ ಅಂತ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹೇಗೆ ಗೊತ್ತಾಯಿತು? ಬ್ಯಾಂಕಿನವರು ಗುಟ್ಟು ಕಾಪಾಡಲು ಬಳಸುವುದು ಇದನ್ನೇನಾ?

ಉತ್ತರ: ಮೊದಲು ನಿಮ್ಮ ಲೆಕ್ಕ ಸರಿ ಮಾಡಿಬಿಡೋಣ. ಮೊತ್ತ ಇಡುವ ಜಾಗದಲ್ಲಿ ‘ಇಂಟ್’ ಎಂದು ಬರೆದಿದ್ದೀರಿ. ಅದನ್ನು ಹೆಚ್ಚು ಜಾಗ ಇರುವ ‘ಲಾಂಗ್ ಲಾಂಗ್’ ಮಾಡಿ. ಟನ್ನು, ದರ ಎರಡನ್ನೂ ಗುಣಿಸುವ ಮೊದಲೇ ಲಾಂಗ್ ಲಾಂಗ್ ಆಗಿರಲಿ. ಗುಣಿಸಿದ ಮೇಲೆ ಬದಲಾಯಿಸಿದರೆ ಪ್ರಯೋಜನ ಇಲ್ಲ, ಅಷ್ಟರಲ್ಲಿ ಲೆಕ್ಕ ಕೆಟ್ಟಿರುತ್ತದೆ. ಇಷ್ಟು ಮಾಡಿದರೆ ಮಂಡ್ಯ ಜಿಲ್ಲೆಯ ಕಬ್ಬನ್ನೆಲ್ಲ ಒಟ್ಟಿಗೆ ಕೂಡಿಸಿದರೂ ಮೈನಸ್ ಬರುವುದಿಲ್ಲ.

ಮೈನಸ್ ಯಾಕೆ ಬಂತು ಅಂದರೆ, ನೀವು ಬಳಸಿದ ಇಂಟ್‌ಗೆ ಸಾಮಾನ್ಯವಾಗಿ 32 ಬಿಟ್ ಜಾಗ, ಅಂದರೆ 0 ಅಥವಾ 1 ಕೂರುವ 32 ಮನೆ. ಒಂದು ಬಿಟ್ ಪ್ಲಸ್ಸೋ ಮೈನಸ್ಸೋ ಎನ್ನುವುದಕ್ಕೆ ಹೋಗುತ್ತದೆ. ಉಳಿದ 31ರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ, 2ರ 31ನೇ ಘಾತದಲ್ಲಿ ಒಂದು ಕಡಿಮೆ. ಅಂದರೆ 2,14,74,83,647. ಪೈಸೆಯಲ್ಲಿ ಲೆಕ್ಕ ಹಾಕಿದರೆ ಇದು 2 ಕೋಟಿ 14 ಲಕ್ಷದ 74 ಸಾವಿರದ 836 ರೂಪಾಯಿ 47 ಪೈಸೆ. ನಿಮ್ಮ 7,158 ಟನ್ ಅದರೊಳಗೇ ಇತ್ತು. ಇನ್ನೊಂದು ಟನ್ ಸೇರಿದ್ದೇ ದಾಟಿತು. ಹಳೇ ಬೈಕಿನ ಮೀಟರು 99999 ಆದಮೇಲೆ ಸೊನ್ನೆಗೆ ತಿರುಗುತ್ತದಲ್ಲ, ಹಾಗೇ ಇದೂ ತಿರುಗುತ್ತದೆ. ಆದರೆ ಸೊನ್ನೆಗಲ್ಲ, ಮೈನಸ್‌ನ ಆ ತುದಿಗೆ. ನಿಮಗೆ ಬರಬೇಕಿದ್ದದ್ದು 2147700000. ಅದರಿಂದ 2ರ 32ನೇ ಘಾತ 4294967296 ಕಳೆಯಿರಿ. ಬರುವುದು −2147267296, ನಿಮ್ಮ ಪರದೆ ಮೇಲೆ ಬಂದದ್ದೇ.

ಕಾಲವನ್ನು ಹೀಗೆ 32 ಬಿಟ್‌ನಲ್ಲಿ ಎಣಿಸುವ ಯಂತ್ರಗಳಿಗೂ ಇದೇ ಗತಿ. ಅವು 1970ರ ಜನವರಿ 1ರಿಂದ ಸೆಕೆಂಡ್ ಎಣಿಸುತ್ತಾ ಬಂದಿವೆ. 2038ರ ಜನವರಿ 19, ಮಂಗಳವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಎಣಿಕೆ 2147483647 ಮುಟ್ಟುತ್ತದೆ. ಅಷ್ಟರೊಳಗೆ ಬದಲಾಯಿಸದೆ ಉಳಿದ ಹಳೇ ಪೆಟ್ಟಿಗೆಗಳು ಮರುಕ್ಷಣ 1901ಕ್ಕೆ ಹೋಗಿ ಕೂರುತ್ತವೆ.

ಇನ್ನು ನಿಮ್ಮ ಮೊದಲನೇ ಪ್ರಶ್ನೆ. ಅವಿಭಾಜ್ಯ ಅಂತ ಈ ಮಿತಿ ಇಟ್ಟದ್ದಲ್ಲ. 32 ಬಿಟ್ ಅನುಕೂಲ ಅಂತ ಇಟ್ಟರು, ಅಲ್ಲಿ ಒಂದು ಅವಿಭಾಜ್ಯ ಕೂತಿತ್ತು, ಅಷ್ಟೇ. ಬೇರೆ ಅಳತೆಗಳನ್ನು ನೋಡಿದರೆ ಗೊತ್ತಾಗುತ್ತದೆ. 8 ಬಿಟ್‌ನ ಮಿತಿ 127, ಅವಿಭಾಜ್ಯ. 16 ಬಿಟ್‌ನದು 32767, ಅದು 7 × 31 × 151. 64 ಬಿಟ್‌ನ ಮಿತಿಯಂತೂ 7ರಿಂದ ಒಂದಲ್ಲ, ಎರಡು ಸಲ ಭಾಗವಾಗುತ್ತದೆ. ಕಾರಣ ಸುಲಭ. 16 ಬಿಟ್‌ನಲ್ಲಿ ಘಾತ 15, ಅದು 3 × 5. ಘಾತ ಒಡೆದರೆ ಸಂಖ್ಯೆಯೂ ಒಡೆಯುತ್ತದೆ: 2ರ 3ನೇ ಘಾತದಲ್ಲಿ ಒಂದು ಕಳೆದರೆ 7, 5ನೇ ಘಾತದಲ್ಲಿ ಕಳೆದರೆ 31, ಎರಡೂ 32767ನ್ನು ಭಾಗಿಸಲೇಬೇಕು. 64 ಬಿಟ್‌ನ 63ಕ್ಕೂ ಅದೇ ಕತೆ. 31 ತಾನೇ ಅವಿಭಾಜ್ಯ, ಹಾಗಾಗಿ ಆ ದಾರಿಯಲ್ಲಿ ಒಡೆಯುವುದಿಲ್ಲ.

ಹಾಗಂತ ಘಾತ ಅವಿಭಾಜ್ಯವಾದರೆ ಸಾಕು ಅಂದುಕೊಳ್ಳಬೇಡಿ. ನಮ್ಮ ಮೈಸೂರಿನ ಕಾಲೇಜುಗಳ ವೈವಾದಲ್ಲಿ ಹುಡುಗರು ಎಡವುವುದು ಇಲ್ಲೇ ಜಾಸ್ತಿ. 11 ಅವಿಭಾಜ್ಯ. ಆದರೆ 2ರ 11ನೇ ಘಾತದಲ್ಲಿ ಒಂದು ಕಳೆದರೆ 2047, ಅದು 23 × 89. ಹಾಗಾದರೆ 31ರದ್ದು ಒಡೆಯುವುದಿಲ್ಲ ಅಂತ ಹೇಗೆ ಗೊತ್ತು? ನಿಮ್ಮ ಮೂರು ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಪೆನ್ನು ಹಾಳೆ ತಗೊಳ್ಳಿ.

ಇದನ್ನು ಸಾಧಿಸಿದವರು ಗಣಿತಜ್ಞ ಲಿಯೊನಾರ್ಡ್ ಆಯ್ಲರ್, 1772ರಲ್ಲಿ. ಆಗ ಅವರು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದರು. ಕಣ್ಣು ಹೆಚ್ಚುಕಮ್ಮಿ ಪೂರ್ತಿ ಹೋಗಿತ್ತು.

ಒಂದು ಸಂಖ್ಯೆ ಒಡೆಯುತ್ತದಾ ಅಂತ ನೋಡಲು ಅದರ ವರ್ಗಮೂಲದ ತನಕ ಭಾಗಿಸಿ ನೋಡಿದರೆ ಸಾಕು, ಇದು ಶಾಲೆಯಲ್ಲೇ ಕಲಿತದ್ದು. ನಮ್ಮ ಸಂಖ್ಯೆಯ ವರ್ಗಮೂಲ 46,340ಕ್ಕೂ 46,341ಕ್ಕೂ ನಡುವೆ ಇದೆ. ಅಷ್ಟರೊಳಗಿನ ಅವಿಭಾಜ್ಯಗಳು 4,800ರ ಹತ್ತಿರ ಹತ್ತಿರ. ಹತ್ತಂಕಿಯ ಸಂಖ್ಯೆಯನ್ನು ಕೈಯಲ್ಲಿ ಅಷ್ಟು ಸಲ ಭಾಗಿಸುವುದೆಂದರೆ ಯಾರಿಗಾದರೂ ಸುಸ್ತೇ. ಆಯ್ಲರ್ ಮೊದಲು ಮಾಡಿದ ಕೆಲಸ ಭಾಗಾಕಾರ ಅಲ್ಲ. ಯಾವ ಭಾಗಾಕಾರ ಮಾಡುವುದೇ ಬೇಡ ಎಂದು ಗೊತ್ತು ಮಾಡಿಕೊಂಡದ್ದು.

2047ರ ಮೇಲೇ ನೋಡೋಣ. ಅದು 23ರಿಂದ ಭಾಗವಾಗುತ್ತದೆ. 2ನ್ನು ಮತ್ತೆ ಮತ್ತೆ ಎರಡರಿಂದ ಗುಣಿಸುತ್ತಾ, 23 ದಾಟಿದಾಗೆಲ್ಲ ಶೇಷ ಮಾತ್ರ ಇಟ್ಟುಕೊಳ್ಳಿ: 2, 4, 8, 16, 9, 18, 13, 3, 6, 12, 1. ಹನ್ನೊಂದನೇ ಹೆಜ್ಜೆಗೆ 1 ಬಂತು. ಬರಲೇಬೇಕು. 2ರ 11ನೇ ಘಾತದಲ್ಲಿ ಒಂದು ಕಳೆದರೆ 23ರಿಂದ ಭಾಗವಾಗುತ್ತದೆ ಎಂದರೆ ಆ ಘಾತದ ಶೇಷ 1 ಎಂದೇ ಅರ್ಥ. 11 ಅವಿಭಾಜ್ಯವಾದ್ದರಿಂದ ಇದಕ್ಕಿಂತ ಚಿಕ್ಕ ಸುತ್ತು ಇರಲೂ ಸಾಧ್ಯವಿಲ್ಲ. ಇನ್ನೊಂದು ಕಡೆ ಫರ್ಮಾ ಎಂಬ ಫ್ರಾನ್ಸಿನ ಗಣಿತಜ್ಞರ ನಿಯಮ ಇದೆ: ಭಾಜಕ ಅವಿಭಾಜ್ಯ ಆಗಿದ್ದರೆ, ಅದಕ್ಕಿಂತ ಒಂದು ಕಡಿಮೆ ಹೆಜ್ಜೆಗೆ ಶೇಷ ಮತ್ತೆ 1 ಆಗಿರುತ್ತದೆ. 23ಕ್ಕೆ 22ನೇ ಹೆಜ್ಜೆ. ಹನ್ನೊಂದರ ಸುತ್ತು ಎರಡು ಸಲ ಮುಗಿದರೆ 22, ತಾಳೆ ಆಯಿತು. 89ಕ್ಕೂ ಹಾಗೇ: 88 ಅಂದರೆ ಹನ್ನೊಂದರ ಎಂಟು ಸುತ್ತು.

ಈಗ 11ರ ಜಾಗದಲ್ಲಿ 31 ಹಾಕಿ. 2147483647ನ್ನು ಯಾವುದೋ ಒಂದು ಅವಿಭಾಜ್ಯ ಭಾಗಿಸುತ್ತದೆ ಅಂತ ಇಟ್ಟುಕೊಳ್ಳೋಣ. ಆ ಭಾಜಕದಲ್ಲಿ ಒಂದು ಕಳೆದರೆ ಅದು 31ರ ಮಗ್ಗಿಯಲ್ಲಿ ಬರಬೇಕು. ಭಾಜಕ ಬೆಸ ಸಂಖ್ಯೆ, ಆದ್ದರಿಂದ ಒಂದು ಕಳೆದಾಗ ಬರುವುದು ಸಮ. ಹಾಗಾಗಿ 62ರ ಮಗ್ಗಿಯಲ್ಲೇ ಬರಬೇಕು. 3, 5, 7, 11, 13 ಯಾವುದನ್ನೂ ನೋಡುವುದೇ ಬೇಡ! ಒಂದೇ ಏಟಿಗೆ ಬಹುಪಾಲು ಕೆಲಸ ಉಳಿಯಿತು.

ಇನ್ನೂ ಒಂದು ಜರಡಿ ಇದೆ. 65536ನ್ನು ಅದರಿಂದಲೇ ಗುಣಿಸಿದರೆ 2ರ 32ನೇ ಘಾತ ಬರುತ್ತದೆ. ನಮ್ಮ ಭಾಜಕದಿಂದ ಭಾಗಿಸಿದರೆ 31ನೇ ಘಾತದ ಶೇಷ 1, ಆದ್ದರಿಂದ 32ನೆಯದರ ಶೇಷ 2. ಅಂದರೆ ಒಂದು ವರ್ಗಸಂಖ್ಯೆ ಶೇಷ 2 ಕೊಡುತ್ತಿದೆ. ಇದು ಎಲ್ಲ ಬೆಸ ಅವಿಭಾಜ್ಯಗಳಿಗೂ ಆಗುವ ಮಾತಲ್ಲ. 7ಕ್ಕೆ ಆಗುತ್ತದೆ, 9ರ ಶೇಷ 2. 17ಕ್ಕೆ ಆಗುತ್ತದೆ, 36ರ ಶೇಷ 2. 23ಕ್ಕೂ ಆಗುತ್ತದೆ, 25ರ ಶೇಷ 2. ಆದರೆ 3, 5, 11, 13ಕ್ಕೆ ಎಷ್ಟು ಹುಡುಕಿದರೂ ಅಂಥ ವರ್ಗ ಸಿಗುವುದಿಲ್ಲ. ಎಂಟರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರುವ ಅವಿಭಾಜ್ಯಗಳಿಗೆ ಮಾತ್ರ ಈ ಯೋಗ. ಯಾಕೆ ಹೀಗೆ ಎನ್ನುವುದರ ಸಾಧನೆ ಉದ್ದ ಇದೆ, ಇಲ್ಲಿ ಬಿಟ್ಟುಬಿಡುತ್ತೇನೆ.

ಎರಡು ಜರಡಿಯನ್ನೂ ಒಟ್ಟಿಗೆ ಹಿಡಿದರೆ ಉಳಿಯುವುದು ಎರಡೇ ಬಗೆ: 248ರ ಮಗ್ಗಿಗೆ 1 ಕೂಡಿಸಿದ್ದು, ಇಲ್ಲವೇ 63 ಕೂಡಿಸಿದ್ದು. 46,340ರ ಒಳಗೆ ಅಂಥವು, 63ನ್ನೂ ಸೇರಿಸಿ, 373. ಅವುಗಳಲ್ಲೂ ಬಹುಪಾಲು ತಾವೇ ಒಡೆಯುತ್ತವೆ. 63 ಬೇಡ, 249 ಬೇಡ, ಅದು 3 × 83. 311 ಅವಿಭಾಜ್ಯ, ಇಟ್ಟುಕೊಳ್ಳಿ. 497 ಅಂದರೆ 7 × 71, ಬೇಡ. 559 ಅಂದರೆ 13 × 43. ಹೀಗೇ ಹೋದರೆ 2,000ದ ಒಳಗೆ ಉಳಿಯುವುದು ಮೂರೇ: 311, 1303, 1489. ಕೊನೇ ತನಕ ಹೋದರೂ ನಿಜವಾಗಿ ಭಾಗಿಸಿ ನೋಡಬೇಕಾದವು ಎಂಬತ್ತರ ಆಸುಪಾಸು. 4,800 ಎಲ್ಲಿ, 80 ಎಲ್ಲಿ?

ಹತ್ತಂಕಿಯ ಭಾಗಾಕಾರವೂ ಬೇಕಿಲ್ಲ. 1489ನ್ನೇ ತಗೊಳ್ಳಿ. 2ರ 15ನೇ ಘಾತ 32768. 1489 × 22 = 32758. ಶೇಷ 10. ಹಾಗಾದರೆ 16ನೇ ಘಾತದ ಶೇಷ 20. 15 ಮತ್ತು 16 ಸೇರಿದರೆ 31, ಆದ್ದರಿಂದ 31ನೇ ಘಾತದ ಶೇಷ 10 × 20, ಅಂದರೆ 200. ಒಂದು ಕಳೆದರೆ 199. ಸೊನ್ನೆ ಅಲ್ಲ, 1489 ಹೊರಗೆ. ಬಾಯಲ್ಲೇ ಮಾಡುವ ಲೆಕ್ಕ! ಇದೇ ಥರ 311ಕ್ಕೆ ಮಾಡಿದರೆ ಶೇಷ 35, 1303ಕ್ಕೆ 226. ಕಣ್ಣು ಕಾಣದವರು ಇದನ್ನು ಮುಗಿಸಿದರು ಅಂದರೆ ಜನ ಪವಾಡ ಅನ್ನುತ್ತಾರೆ. ಆಯ್ಲರ್ ದೊಡ್ಡವರು ನಿಜ, ಆದರೆ ಇಲ್ಲಿ ಹೆಚ್ಚು ಬೆರಗಾಗಬೇಕಾದ್ದು ಆ ಜರಡಿಗೆ ಅಂತ ನನಗನ್ನಿಸುತ್ತದೆ.

ಜರಡಿ ಇಲ್ಲದೆ ಊಹಿಸಿದವರು ಎಡವಿದ್ದಾರೆ. ಇಟಲಿಯ ಕತಾಲ್ದಿ ಎಂಬವರು 2ರ 17, 19ನೇ ಘಾತಗಳು, ಒಂದು ಕಳೆದರೆ, ಅವಿಭಾಜ್ಯ ಕೊಡುತ್ತವೆ ಎಂದು ಸರಿಯಾಗಿ ತೋರಿಸಿದರು. ಅದೇ ಹುರುಪಿನಲ್ಲಿ 23, 29, 31, 37 ಕೂಡ ಕೊಡುತ್ತವೆ ಅಂದುಬಿಟ್ಟರು. 23 ಮತ್ತು 37ರದ್ದನ್ನು 1640ರಲ್ಲಿ ಫರ್ಮಾ ಒಡೆದರು. 29ರದ್ದನ್ನು 1738ರಲ್ಲಿ ಆಯ್ಲರ್ ಒಡೆದರು. ನಾಲ್ಕರಲ್ಲಿ 31 ಒಂದೇ ಉಳಿಯಿತು.

ಈ ಬಗೆಯ ಅವಿಭಾಜ್ಯಗಳಿಗೆ ಹೆಸರು ಬಂದದ್ದು ಫ್ರಾನ್ಸಿನ ಪಾದ್ರಿ ಮರಾಂ ಮೆರ್ಸೆನ್‌ರಿಂದ. 1644ರಲ್ಲಿ ಅವರು ಅಂಥ ಘಾತಗಳ, 257ರ ತನಕದ ಪಟ್ಟಿ ಕೊಟ್ಟರು. ಅದರಲ್ಲೂ ಐದು ತಪ್ಪು: 67 ಮತ್ತು 257 ಇರಬಾರದಿತ್ತು, 61, 89, 107 ಬಿಟ್ಟುಹೋಗಿದ್ದವು. 67ರದ್ದನ್ನು 1903ರಲ್ಲಿ ಅಮೆರಿಕದ ಫ್ರಾಂಕ್ ಕೋಲ್ ಒಡೆದು ತೋರಿಸಿದರು: 19,37,07,721 × 7,61,83,82,57,287. ಮಾತೇ ಆಡದೆ ಬೋರ್ಡಿನ ಮೇಲೆ ಗುಣಿಸಿ ಬಂದು ಕೂತರು ಎಂದು ಕತೆ ಹೇಳುತ್ತಾರೆ. ಮೊದಲನೆಯದರಲ್ಲಿ ಒಂದು ಕಳೆದು 134ರಿಂದ ಭಾಗಿಸಿ ನೋಡಿ. ಶೇಷ ಇಲ್ಲದೆ ಹೋಗುತ್ತದೆ, ಮೇಲೆ ಹೇಳಿದ ನಿಯಮ ಇಲ್ಲೂ ನಿಂತಿದೆ.

ಭಾಜಕಗಳನ್ನು ಹುಡುಕುವುದೇ ಬೇಡದ ಪರೀಕ್ಷೆಯೂ ಇದೆ. ಫ್ರಾನ್ಸಿನ ಲ್ಯೂಕಾ 1876ರಲ್ಲಿ ಆ ದಾರಿ ಹಿಡಿದು 2ರ 127ನೇ ಘಾತದಲ್ಲಿ ಒಂದು ಕಳೆದದ್ದು ಅವಿಭಾಜ್ಯ ಎಂದರು, 39 ಅಂಕಿಯ ಸಂಖ್ಯೆ ಅದು. ಆಮೇಲೆ ಲೆಹ್ಮರ್ ಅದನ್ನು ಈಗಿನ ರೂಪಕ್ಕೆ ತಂದರು. 4ರಿಂದ ಶುರು ಮಾಡಿ, ವರ್ಗ ಮಾಡಿ 2 ಕಳೆಯಿರಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ ಬಂದದ್ದು ನಮ್ಮ ಸಂಖ್ಯೆಯಿಂದ ಭಾಗವಾದರೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. 31ರ ಮೇಲೆ ನೋಡಿ. ಅದು 2ರ 5ನೇ ಘಾತದಲ್ಲಿ ಒಂದು ಕಡಿಮೆ, ಆದ್ದರಿಂದ ಮೂರು ಸಲ: 4, 14, 194, 37634. 31 × 1214 = 37634. ಮುಗಿಯಿತು. ನಮ್ಮ 2147483647ಕ್ಕೆ 29 ಸಲ ಸಾಕು. ಪ್ರತಿ ಸಲವೂ ಶೇಷ ಮಾತ್ರ ಇಟ್ಟುಕೊಂಡರೆ ಸಂಖ್ಯೆ ಬೆಳೆಯುವುದಿಲ್ಲ. 2024ರ ಅಕ್ಟೋಬರಿನಲ್ಲಿ ಸಿಕ್ಕ ದಾಖಲೆಯ ಅವಿಭಾಜ್ಯ, 2ರ 13,62,79,841ನೇ ಘಾತದ್ದು, ಅದಕ್ಕೂ ಇದೇ ಪರೀಕ್ಷೆ ನಡೆಸಿ ಖಚಿತ ಮಾಡಿಕೊಂಡರು. ಅದರಲ್ಲಿ 4 ಕೋಟಿಗೂ ಮೀರಿ ಅಂಕಿಗಳಿವೆ.

2147483647ರ ಬೇರೆ ಗುಣಗಳು? ಕೆಲವನ್ನು ಹೇಳುತ್ತೇನೆ. ಇದನ್ನು 2ರ 30ನೇ ಘಾತದಿಂದ ಗುಣಿಸಿದರೆ 23,05,84,30,08,13,99,52,128 ಬರುತ್ತದೆ. ಇದೊಂದು ಪರಿಪೂರ್ಣ ಸಂಖ್ಯೆ. 6ರ ಭಾಜಕಗಳಾದ 1, 2, 3 ಕೂಡಿದರೆ 6 ಬರುವಂತೆ, ಇದನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿದರೂ ಇದೇ ಬರುತ್ತದೆ. ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಯಾರಿಗೂ ಸಿಗಲಾರದು, ಉಪಯೋಗ ಇಲ್ಲದ ಕೆಲಸಕ್ಕೆ ಯಾರು ಕೈ ಹಾಕುತ್ತಾರೆ ಅನ್ನುವ ಧಾಟಿಯಲ್ಲಿ ಬರೆದರು. ಪಾಪ, ಮನುಷ್ಯರು ಉಪಯೋಗ ಇಲ್ಲದ ಕೆಲಸಕ್ಕೆ ಎಷ್ಟು ಆಸೆಪಡುತ್ತಾರೆ ಅಂತ ಅವರಿಗೆ ಗೊತ್ತಿರಲಿಲ್ಲ.

ಇನ್ನೊಂದು ಸ್ವಾರಸ್ಯ. 5 ಘಾತವಾದಾಗ 31 ಸಿಕ್ಕಿತು, 31 ಘಾತವಾದಾಗ 2147483647. ಹಾಗಾದರೆ 2147483647ನ್ನೇ ಘಾತ ಮಾಡಿದರೆ? 64 ಕೋಟಿಗೂ ಜಾಸ್ತಿ ಅಂಕಿಗಳ ಸಂಖ್ಯೆ ಬರುತ್ತದೆ. ಸರಪಳಿ ಅಲ್ಲಿ ತುಂಡಾಗುತ್ತದೆ, ಅದು ಅವಿಭಾಜ್ಯ ಅಲ್ಲ. 295257526626031 ಅದನ್ನು ಭಾಗಿಸುತ್ತದೆ. ಇದರಲ್ಲಿ ಒಂದು ಕಳೆದು, 2147483647ರ ಎರಡರಷ್ಟರಿಂದ ಭಾಗಿಸಿ. ಸರಿಯಾಗಿ 68745 ಬರುತ್ತದೆ. ಮತ್ತದೇ ಮಗ್ಗಿಯ ನಿಯಮ.

ಉಪಯೋಗಕ್ಕೂ ಬಂದಿದೆ. ಪಾರ್ಕ್ ಮತ್ತು ಮಿಲ್ಲರ್ ಎಂಬವರು 1988ರಲ್ಲಿ ಹೀಗೊಂದು ವಿಧಾನವನ್ನು ಶಿಫಾರಸು ಮಾಡಿದರು: ಒಂದು ಸಂಖ್ಯೆಯನ್ನು 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷ ಇಟ್ಟುಕೊಂಡು ಮತ್ತೆ ಗುಣಿಸಿ. 1ರಿಂದ ಶುರು ಮಾಡಿದರೆ 16807, 282475249, 1622650073 ಅಂತ ಹೋಗುತ್ತದೆ. ನೋಡಿದರೆ ತಲೆಬುಡ ಇಲ್ಲದ ಸಂಖ್ಯೆಗಳು, ಆಟಗಳಲ್ಲಿ ದಾಳ ಉರುಳಿಸಲು ಅದೇ ಬೇಕು. 1ರಿಂದ 2147483646ರ ತನಕ ಎಲ್ಲವನ್ನೂ ಒಂದೊಂದೇ ಸಲ ಮುಟ್ಟಿ ಆಮೇಲಷ್ಟೇ ಇದು ವಾಪಸ್ ಬರುತ್ತದೆ. ಭಾಜಕ ಅವಿಭಾಜ್ಯ ಆದ್ದರಿಂದಲೇ ಇಷ್ಟು ಉದ್ದದ ಸುತ್ತು ಸಾಧ್ಯ. ಸಿ ಪ್ಲಸ್ ಪ್ಲಸ್ ಭಾಷೆಯ ಲೈಬ್ರರಿಯಲ್ಲಿ ಈ ವಿಧಾನ ಈಗಲೂ ಇದೆ.

ಬ್ಯಾಂಕಿನ ಗುಟ್ಟಿಗೆ ಇದು ಆಗುವುದಿಲ್ಲ. ಎಲ್ಲರಿಗೂ ಗೊತ್ತಿರುವ ಸಂಖ್ಯೆ ಬೀಗದ ಕೈ ಆಗುತ್ತದಾ? ಆರ್‌ಎಸ್‌ಎ ಎಂಬ ಗುಟ್ಟು ಕಾಪಾಡುವ ವಿಧಾನದ 2048 ಬಿಟ್ ಬೀಗಕ್ಕೆ ಸುಮಾರು 308 ಅಂಕಿಗಳ ಎರಡು ಅವಿಭಾಜ್ಯ ಬೇಕು, ಅದೂ ಆಗಷ್ಟೇ ಹುಡುಕಿ ತೆಗೆದವು, ಬೇರೆ ಯಾರಿಗೂ ಗೊತ್ತಿರಬಾರದು. ಅಷ್ಟು ದೊಡ್ಡದು ಅವಿಭಾಜ್ಯ ಹೌದೋ ಅಲ್ಲವೋ ಅಂತ ಬೇಗ ತಿಳಿಯುವ ದಾರಿಗಳಿವೆ. ಯಾವ ಸಂಖ್ಯೆಗಾದರೂ, ಯಾವ ಊಹೆಯ ಆಸರೆಯೂ ಇಲ್ಲದೆ, ಅಂಕಿಗಳು ಹೆಚ್ಚಿದರೂ ಕೈಮೀರದ ಸಮಯದಲ್ಲಿ ಇದನ್ನು ಖಚಿತವಾಗಿ ಹೇಳಬಹುದು ಎಂದು 2002ರಲ್ಲಿ ಸಾಧಿಸಿದವರು ನಮ್ಮ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಒಡೆಯುತ್ತದೆ ಎಂದು ಹೇಳುವುದು ಬೇರೆ, ಒಡೆದು ಕೊಡುವುದು ಬೇರೆ. ಬೀಗ ನಿಂತಿರುವುದು ಆ ಎರಡನೆಯದು, ಅಂದರೆ ಆ ಎರಡು ಅವಿಭಾಜ್ಯಗಳ ಗುಣಲಬ್ಧವನ್ನು ಒಡೆಯುವುದು, ಇನ್ನೂ ಕಷ್ಟ ಇರುವುದರಿಂದ.

ಇದನ್ನೆಲ್ಲ ಓದಿ ನೀವು ಖಂಡಿತ ನಿಮ್ಮ ಕಂಪ್ಯೂಟರಿನಲ್ಲಿ 2147483647 ಅವಿಭಾಜ್ಯವಾ ಅಂತ ಪರೀಕ್ಷೆ ಮಾಡಲು ಕೂರುತ್ತೀರಿ. ಆಗ ಒಂದು ಎಚ್ಚರಿಕೆ. ಎಲ್ಲರೂ ಬರೆಯುವ ಹಾಗೆ, ಭಾಜಕದ ವರ್ಗ ನಮ್ಮ ಸಂಖ್ಯೆಗಿಂತ ಕಡಿಮೆ ಅಥವಾ ಸಮ ಇರುವ ತನಕ ಲೂಪ್ ಓಡಲಿ ಎಂದು ಇಂಟ್‌ನಲ್ಲೇ ಬರೆದರೆ, 46,340ರ ತನಕ ಎಲ್ಲ ಸರಿ. 46,341ರ ವರ್ಗ 2147488281, ಮಿತಿ ದಾಟಿ ಸಾಮಾನ್ಯವಾಗಿ −2147479015 ಆಗಿಬಿಡುತ್ತದೆ. ಅದು ನಮ್ಮ ಸಂಖ್ಯೆಗಿಂತ ಕಡಿಮೆಯೇ. ಲೂಪ್ ನಿಲ್ಲುವುದಿಲ್ಲ. ಆಮೇಲೂ ನಿಲ್ಲುವುದಿಲ್ಲ, ಯಾಕೆಂದರೆ ಇಂಟ್‌ನಲ್ಲಿ 2147483647ಕ್ಕಿಂತ ದೊಡ್ಡದು ಯಾವುದೂ ಇಲ್ಲ. ಓಡಿ ಓಡಿ ಭಾಜಕ ಕೊನೆಗೆ 2147483647 ಆಗುತ್ತದೆ, ತನ್ನಿಂದ ತಾನೇ ಭಾಗವಾಗುತ್ತದೆ, ಪ್ರೋಗ್ರಾಂ ‘ಅವಿಭಾಜ್ಯ ಅಲ್ಲ’ ಎಂದು ಬರೆದು ಮುಗಿಸುತ್ತದೆ. ವರ್ಗ ಮಾಡಬೇಡಿ. ಭಾಜಕವು ಭಾಗಲಬ್ಧಕ್ಕಿಂತ ಕಡಿಮೆ ಅಥವಾ ಸಮ ಇರುವ ತನಕ ಓಡಲಿ ಎಂದು ಬರೆಯಿರಿ, 46,340ಕ್ಕೇ ನಿಂತು ಸರಿಯಾದ ಉತ್ತರ ಕೊಡುತ್ತದೆ.